ಜವಳಿ ಅಂಗಡಿಯಲ್ಲಿ ರಷ್ಯಾದ ಗದ್ದುಗೆ

ಹುಲಿ ಕಂಡರೆ ಹೆದರುವವರಿದ್ದಾರೆ, ನಾನು ಲಕೋಟೆ ಕಂಡರೆ ಹೆದರುವವನು. ಹೊಳೆನರಸೀಪುರದ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದಷ್ಟು ದಿನವೂ ಕೆಲಸ ಇವತ್ತು ಹೋಯಿತು, ನಾಳೆ ಹೋಯಿತು ಎಂದುಕೊಂಡೇ ಬದುಕಿದೆ. ಇಂಥ ಪ್ರಸಂಗಗಳು ಅಂಥವನನ್ನೇ ಹುಡುಕಿಕೊಂಡು ಬರುತ್ತವೆ, ಏನು ಮಾಡೋಣ!

೧. ಮೀಸೆ ಬಿಟ್ಟ ಮರಿ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಬೊಂಬಾಯಿಯಲ್ಲಿ ಗಿರಣಿ ಗುಮಾಸ್ತನಾಗಿ ಕಮ್ಯುನಿಸ್ಟರ ಜೊತೆ ಸೇರಿದ್ದ ನನ್ನ ಹಳೆಯ ಸಹಪಾಠಿ ಒಂದು ಪಟ ಕಳಿಸಿದ. ರಷ್ಯಾದ ಕಮ್ಯುನಿಸ್ಟ್ ನಾಯಕನ ಸಮಾಧಿಯದು. ಅದರ ಚರಿತ್ರೆಯನ್ನೂ ಬರೆದಿದ್ದ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಸಂಜೆ ಜವಳಿ ಅಂಗಡಿ ಯಜಮಾನರ ಜಗುಲಿಯಲ್ಲಿ ಕೂತು ಎಲ್ಲ ಹೇಳಿದೆ. ಆತ ಸತ್ತಾಗ ಚಳಿಗೆ ನೆಲ ಕಲ್ಲಾಗಿ, ಹಾರೆ ಇಳಿಯದೆ ಸಿಡಿಮದ್ದಿಟ್ಟು ಅಗೆದರಂತೆ. ಮೂರೇ ದಿನದಲ್ಲಿ ಮರದ ಕಟ್ಟಡ ಎಬ್ಬಿಸಿದರಂತೆ. ಜನ ಮುಗಿಬಿದ್ದದ್ದಕ್ಕೆ ಮರದಲ್ಲೇ ಇನ್ನೊಂದು ದೊಡ್ಡದು, ಕೆಲವು ವರ್ಷದ ಮೇಲೆ ಕೆಂಪು ಕಲ್ಲಿನದು. ದೇಹ ಕೆಡದ ಹಾಗೆ ಮದ್ದು ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದಾರಂತೆ.

ಯಜಮಾನರು ಶಿವಭಕ್ತರು. ಅವರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುವುದು, ಸ್ವಾಮಿಗಳಾದರೆ ಮೇಲೆ ಗದ್ದುಗೆ ಕಟ್ಟಿ ಪೂಜೆ ಮಾಡುವುದು ವಾಡಿಕೆ.

"ಅಲ್ಲ ಮೇಷ್ಟ್ರೇ, ಅಂಥ ದೊಡ್ಡೋರ್ನ ಯಾಕ್ ಮನಗ್ಸವ್ರೆ? ಕೂರಿಸ್ಬೇಕಿತ್ತು ಕಣ್ರೀ" ಅಂದರು.

ಅಲ್ಲಿನ ಪದ್ಧತಿ ಬೇರೆ ಎಂದೆ.

"ಓಗ್ಲಿ, ಈಗ ಮರಿ ಯಾರು?"

ಮರಿ ಎಂದರೆ ಮಠದಲ್ಲಿ ದೊಡ್ಡ ಸ್ವಾಮಿಗಳ ನಂತರ ಪಟ್ಟಕ್ಕೆ ಬರುವವರು. ನನಗೆ ಹೊಳೆದದ್ದು ಇಷ್ಟೆ: ಈಗಿನವರಿಗೆ ದಪ್ಪ ಮೀಸೆ ಇದೆ ಎಂದೆ. ಮೀಸೆ ಬಿಟ್ಟ ಮರಿ ಉಂಟೇ ಎಂದು ಯಜಮಾನರು ತಲೆ ಕೊಡವಿದರು. ಪಟ ಮಾತ್ರ ತಮ್ಮಲ್ಲೇ ಇಟ್ಟುಕೊಂಡರು.

೨. ಕೆಂಪು ಪುಸ್ತಕ

ಹದಿನೈದು ದಿನದಲ್ಲಿ ಸುದ್ದಿ ಬಂತು. ಕಮ್ಯುನಿಸ್ಟನೆಂಬ ಗುಮಾನಿಯಿಂದ ಪೊಲೀಸರು ಚನ್ನರಾಯಪಟ್ಟಣದ ಒಬ್ಬ ಮೇಷ್ಟ್ರ ಮನೆ ಶೋಧಿಸಿ, ಕೆಂಪು ರಟ್ಟಿನ ಪುಸ್ತಕ ಸಿಕ್ಕಿತೆಂದು ಅರ್ಧ ದಿನ ಠಾಣೆಯಲ್ಲಿ ಕೂರಿಸಿದ್ದರಂತೆ. ಬಿಚ್ಚಿ ನೋಡಿದರೆ ಶಾಲೆಯ ಹಾಜರಿ ಪುಸ್ತಕ!

ಊರೆಲ್ಲ ನಕ್ಕಿತು, ನನಗೆ ನಗು ಬರಲಿಲ್ಲ. ನನ್ನ ಹಾಜರಿ ಪುಸ್ತಕಕ್ಕೆ ಹಳೇ ಪೇಪರ್ ಸುತ್ತಿದೆ. ಹೆಂಡತಿಯ ಕೆಂಪು ಸೀರೆಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದೆ. ಅವಳು ಮಾರನೆಯ ದಿನ ಅದನ್ನೇ ಹುಡುಕಿ ತೆಗೆದು ಉಟ್ಟಳು.

೩. ಪೂಜೆಗೆ ಕೂತದ್ದು

ಪಟ ವಾಪಸು ತರೋಣವೆಂದು ಅಂಗಡಿಗೆ ಹೋದೆ. ನೋಡಿದರೆ, ಪಟಕ್ಕೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದ್ದಾರೆ. ಮೇಲೆ ಸೇವಂತಿಗೆ ಹಾರ, ಮುಂದೆ ಊದುಬತ್ತಿ. ಪಟದೊಳಗೆ ಸಮಾಧಿಯ ಬಾಗಿಲ ಮೇಲೆ ಆ ನಾಯಕನ ಹೆಸರು ಕೆತ್ತಿದ್ದ ಕಡೆ ಸರಿಯಾಗಿ, ಅಕ್ಷರ ಮುಚ್ಚುವ ಹಾಗೆ ಮೂರು ಪಟ್ಟೆ ವಿಭೂತಿ.

ಇಳಿಸಿಕೊಡಿ ಎಂದು ಗೋಗರೆದೆ. ಪೂಜೆಗೆ ಕೂತ ಪಟ ಇಳಿಸುವುದು ಅಪಚಾರವಂತೆ, ಮೇಲಾಗಿ ಅದು ಬಂದ ಮೇಲೆ ವ್ಯಾಪಾರ ಚೆನ್ನಾಗಿದೆಯಂತೆ. ಅರಕಲಗೂಡಿನ ನನ್ನ ಭಾವಮೈದುನನ ಸಲಹೆ ಕೇಳಿದೆ. ರಜಾ ಹಾಕಿ ಬಂದುಬಿಡಿ ಭಾವ, ಇಲ್ಲಿ ಹೊಗೆಸೊಪ್ಪು ಕೊಯ್ಯಲು ಆಳು ಸಾಲದು ಎಂದ.

೪. ಸಾಹೇಬರ ಕೋರಿಕೆ

ಕೊನೆಗೆ ಆಗಬಾರದ್ದು ಆಯಿತು. ಹಾಸನದಿಂದ ಬಂದಿದ್ದ ಪೊಲೀಸ್ ಇನ್ಸ್‌ಪೆಕ್ಟರ್ ಜವಳಿ ಅಂಗಡಿಯಲ್ಲಿದ್ದಾರೆ, ಮೇಷ್ಟ್ರನ್ನು ಕರೆಯುತ್ತಿದ್ದಾರೆ ಎಂದು ಆಳು ಓಡಿಬಂದ. ಹೆಂಡತಿಗೆ ಹೇಳಬೇಕಾದ್ದೆಲ್ಲ ಹೇಳಿ ಹೊರಟೆ.

ಸಾಹೇಬರು ಬೂಟು ಬಿಚ್ಚಿಟ್ಟು ಪಟದ ಮುಂದೆ ನಿಂತಿದ್ದರು. ಹಣೆಯಲ್ಲಿ ವಿಭೂತಿ.

"ಈ ಗದ್ದುಗೆ ಪಟ ತರಿಸಿದ್ದು ನೀವೇನಾ?"

ಕೈಮುಗಿದು ನಿಂತೆ. ಅವರು ಪಟದಲ್ಲಿ ಬಾಗಿಲ ಎಡಬಲಕ್ಕೆ ಬಂದೂಕು ಹಿಡಿದು ನಿಂತ ಇಬ್ಬರನ್ನು ತೋರಿಸಿದರು.

"ಬಂದೋಬಸ್ತು ಚೆನ್ನಾಗಿದೆ. ನಮ್ಮನೆಗೂ ಒಂದು ತರಿಸಿಕೊಡಿ, ನಮ್ಮ ತಾಯಿಗೆ ಬೇಕು."

ಇಲ್ಲ ಎನ್ನುವ ಹಾಗಿಲ್ಲ. ಬೊಂಬಾಯಿಗೆ ಬರೆಯಬೇಕು, ಆ ಕಾಗದ ಒಡೆದು ಓದುವವರೋ ಇವರ ಇಲಾಖೆಯವರೇ! ಇನ್ಸ್‌ಪೆಕ್ಟರ್ ಸಾಹೇಬರ ಮನೆಯ ಗೋಡೆಗೆ ಒಂದು ಪಟ ಬೇಕು ಎಂದಷ್ಟೇ ಗೀಚಿದೆ.

ತಿಂಗಳಲ್ಲಿ ಶಾಲೆಗೆ ಒಂದು ಭಾರಿ ಕಟ್ಟು ಬಂತು. ಒಳಗೆ ಗೆಳೆಯನ ಚೀಟಿ: "ನಿಮ್ಮೂರಲ್ಲಿ ಪೊಲೀಸರೇ ನಮ್ಮ ಕಡೆ ಬಂದರೆಂದು ತಿಳಿದು ಇಲ್ಲಿ ಎಲ್ಲರಿಗೂ ಸಂತೋಷ. ಐವತ್ತು ಪಟ ಕಳಿಸಿದ್ದೇನೆ, ಠಾಣೆಯಲ್ಲೆಲ್ಲ ಹಂಚು."

ಚೀಟಿ ಬಾಯಿಗೆ ಹಾಕಿಕೊಂಡು ನುಂಗಿಬಿಡಲೇ ಎಂದು ಯೋಚಿಸುತ್ತಿರುವಾಗ ಠಾಣೆಯ ದಫೇದಾರ ಬಾಗಿಲಲ್ಲಿ ಬಂದು ನಿಂತ.

"ಗದ್ದುಗೆ ಪಟ ಬಂದ್ವಂತಲ್ಲ ಸಾ. ಠಾಣೇಲಿ ಎಲ್ರೂ ಕೇಳ್ತಾವ್ರೆ."

ನಾಳೆ ಬಾರಪ್ಪ ಎಂದು ಕಳಿಸಿದೆ. ಕಟ್ಟು ಮನೆಗೆ ಹೊತ್ತು, ಆ ಕೆಂಪು ಸೀರೆಯಲ್ಲೇ ಇದ್ದ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದಕ್ಷರವೂ ಕಾಣದ ಹಾಗೆ ಐವತ್ತು ಪಟಕ್ಕೂ ವಿಭೂತಿ ಬಳಿದೆ.