ಹೆಸರು ಹೇಳಿದವಳು ಹೆಂಡತಿಯಲ್ಲ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ರಾಚಪ್ಪನವರು ಪತ್ರಿಕೆಯ ಒಂಬತ್ತನೆಯ ಪುಟದಿಂದ ತಲೆ ಎತ್ತಿದರು. ಮುಂದಿದ್ದ ಚಹಾ ಆರಿ ಕೆನೆಗಟ್ಟಿತ್ತು. ಅದನ್ನು ಲೆಕ್ಕಿಸದೆ ಅವರು ಘೋಷಿಸಿದರು:

"ಇವತ್ತಿನಿಂದ ಇಳಕಲ್ಲಿನಾಗ ನಮ್ಮ ಮನಿಯಷ್ಟು ಭದ್ರ ಮನಿ ಇನ್ನೊಂದಿಲ್ಲ! ಯಾವ ಕಳ್ಳ ಬರ್ತಾನ ಬರ್ಲಿ!"

"ಮದ್ಲ ಹಿತ್ತಲ ಬಾಗಲದ ಚಿಲಕಾ ಹಾಕಿಸ್ರಿ," ಎಂದು ಒಳಗಿನಿಂದ ಸಿದ್ದಲಿಂಗವ್ವ ಅಂದರು. "ಮೂರು ತಿಂಗಳಾತು, ದಾರಾ ಕಟ್ಟೇನಿ."

"ಆ ಕಳ್ಳ ಅಲ್ಲ. ಇಂವ ಫೋನಿನ್ಯಾಗ ಬರಾಂವ. ಮೂರು ಸೆಕೆಂಡ್ ನಿನ್ನ ದನಿ ಸಿಕ್ರ ಸಾಕು, ಮಷೀನ್ ನಿನ್ನಂಗ ಮಾತಾಡ್ತದ!"

"ನನ್ನಂಗ ಮಾತಾಡಿದ್ರ ನೀವು ಹೆಂಗೂ ಕೇಳಂಗಿಲ್ಲ. ಮತ್ತ್ಯಾಕ ಅಂಜಿಕಿ?"

ನಗರದ ಗ್ರಂಥಾಲಯದಲ್ಲಿ ಮೂವತ್ತೆರಡು ವರ್ಷ ಪತ್ರಿಕೆಗಳಿಗೆ ಮುದ್ರೆ ಒತ್ತಿ ನಿವೃತ್ತರಾದ ರಾಚಪ್ಪನವರಿಗೆ ತಂತ್ರಜ್ಞಾನದ ಸುದ್ದಿ ಎಂದರೆ ಹಸಿವೆ ಮರೆಸುವ ವಸ್ತು. ಧ್ವನಿ ನಕಲು ಮಾಡುವ ವಂಚಕರಿಂದ ಪಾರಾಗಲು ಪ್ರತಿ ಕುಟುಂಬವೂ ಒಂದು ಗುರುತಿನ ಮಾತು ಇಟ್ಟುಕೊಳ್ಳಬೇಕು ಎಂದು ಪತ್ರಿಕೆ ಸಲಹೆ ಕೊಟ್ಟಿತ್ತು. ಸಾಮಾನ್ಯ ಜನ ನಾಯಿಯ ಹೆಸರನ್ನೋ ಮದುವೆಯ ತಾರೀಖನ್ನೋ ಇಟ್ಟುಕೊಂಡಾರು. ರಾಚಪ್ಪನವರು ಪೆನ್ಸಿಲ್ ಹಿಡಿದು ಅರ್ಧ ತಾಸು ಯೋಚಿಸಿದರು. ಕೊನೆಗೆ ಹೊಳೆದ ಉಪಾಯಕ್ಕೆ ತಾವೇ ಬೆರಗಾದರು.

ಸಿದ್ದಲಿಂಗವ್ವ ಗಂಡನ ಹೆಸರು ಹೇಳುವವರಲ್ಲ. ಮೂವತ್ತೊಂದು ವರ್ಷದ ಹಿಂದೆ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ, ಗಂಡನ ಹೆಸರು ಪ್ರಾಸದಲ್ಲಿ ಕೂಡಿಸಿ ಹೇಳುವ ಒಡಪಿನೊಳಗೆ ಒಮ್ಮೆ ಹೇಳಿದ್ದೇ ಕೊನೆ. ದವಾಖಾನೆಯಲ್ಲಿ "ನಮ್ಮ ಶೀಲಾನ ಅಪ್ಪಾರು" ಅನ್ನುತ್ತಾರೆ. ರೇಷನ್ ಅಂಗಡಿಯಲ್ಲಿ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಹಾಗಿದ್ದ ಮೇಲೆ, ಅಪರಿಚಿತ ನಂಬರಿನಿಂದ ಹೆಂಡತಿಯ ದನಿ ಬಂದರೆ ಕೇಳಬೇಕಾದ್ದು ಒಂದೇ ಪ್ರಶ್ನೆ: ನನ್ನ ಹೆಸರೇನು? ಹೇಳಲು ಒಲ್ಲೆ ಎಂದವಳು ಹೆಂಡತಿ. ಹೇಳಿದವಳು ಮಷೀನು!

ಇಂಥ ಉಪಾಯ ಹೊರಗೆ ಬೀಳಬಾರದು ಎಂದು ರಾಚಪ್ಪನವರು ಅದನ್ನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಸಿದ್ದಲಿಂಗವ್ವನಿಗೆ ಕೇಳಲು ಪುರುಸೊತ್ತೂ ಇರಲಿಲ್ಲ. ನೇಕಾರರಿಂದ ಸೀರೆ ನೇಯಿಸಿ ಗುರುತಿನವರಿಗೆ ಮಾರುವುದು ಅವರ ಕೆಲಸ. ಬಾಗಲಕೋಟೆಯಲ್ಲಿರುವ ಗೆಳತಿ ಲಲಿತಾಳ ಮಗಳ ಮದುವೆ ಮರುದಿನವೇ. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳು ಉಡಬೇಕಾದ, ಕೆಂಪು ರೇಷ್ಮೆ ಸೆರಗಿನ ಸೀರೆ ಮಗ್ಗದಿಂದ ಇಳಿದದ್ದು ಹಿಂದಿನ ಸಂಜೆ. ಅದನ್ನು ಚೀಲಕ್ಕೆ ಹಾಕಿಕೊಂಡು ಅವರು ಒಂಬತ್ತರ ಬಸ್ಸು ಹತ್ತಿದರು.

ಹತ್ತೂಕಾಲಿಗೆ ರಾಚಪ್ಪನವರ ಫೋನು ರಿಂಗಾಯಿತು. ಅಪರಿಚಿತ ನಂಬರು.

"ನಾನ್ರಿ! ಅಮೀನಗಡದಾಗ ಕರದಂಟು ತಗೊಳ್ಳಾಕ ಇಳದ್ನಿ, ಬಸ್ ಬಿಟ್ಟು ಹೋತ್ರಿ! ಸೀರಿ ಬಸ್ಸಿನಾಗ, ಫೋನೂ ಬಸ್ಸಿನಾಗ! ಲಗೂನ ಬಾಗಲಕೋಟಿ ಬಸ್‌ಸ್ಟ್ಯಾಂಡಿಗೆ ತಿಳಸ್ರಿ!"

ಹೊಸ ನಂಬರು, ಅಳುವ ದನಿ, ಅವಸರ, ಕಳೆದುಹೋದ ಫೋನು. ಪತ್ರಿಕೆ ಪಟ್ಟಿ ಮಾಡಿದ್ದ ನಾಲ್ಕೂ ಲಕ್ಷಣ! ರಾಚಪ್ಪನವರಿಗೆ ಹೆದರಿಕೆಯಾಗಲಿಲ್ಲ, ರೋಮಾಂಚನವಾಯಿತು. ಒಂಬತ್ತನೆಯ ಪುಟದಲ್ಲಿ ಓದಿದ್ದು ಖುದ್ದಾಗಿ ಫೋನು ಮಾಡಿತ್ತು! ಅವರು ಕಿವಿಗೊಟ್ಟು ಕೇಳಿದರು. ಹಿಂದೆ ಬಸ್ಸಿನ ಹಾರ್ನು. "ಹುನಗುಂದ, ಹುನಗುಂದ" ಎಂಬ ಕೂಗು. ನಡುನಡುವೆ ಸಿದ್ದಲಿಂಗವ್ವ ಬಿಡುವಂಥದ್ದೇ ಉಸಿರು.

"ಭಾಳ ಛಲೋ ಮಾಡೀರಿ," ಎಂದರು ಮನಸಾರೆ. "ಆ ಹಾರ್ನ್ ಬ್ಯಾರೆ ಕೂಡಸ್ತೀರೋ, ದನಿ ಜೋಡೀನ ಬರ್ತದೋ?"

"ಏನಂತೀರಿ? ತಲಿ ಗಿಲಿ ತಿರಗೇತೇನು?"

"ಆಹಾ! ಬೈಯೋದೂ ಕಲಿಸೀರಿ! ಎಷ್ಟು ಸೆಕೆಂಡ್ ದನಿ ಬೇಕಾತು ಇದಕ್ಕ?"

"ಅಯ್ಯ ಶಿವನ! ಬಸ್ ಮುಟ್ಟೂದ್ರಾಗ ಫೋನ್ ಮಾಡ್ರಿ ಅಂದ್ರ..."

"ಮಾಡೂಣು. ಮದ್ಲ ನನ್ನ ಹೆಸರು ಹೇಳು."

ಆ ಕಡೆಯ ದನಿ ತಗ್ಗಿತು. "ನಾ ಹೆಂಗ ಹೇಳ್ಲಿರಿ? ಅಂಗಡ್ಯಾಗ ಮಂದಿ ನಿಂತಾರ."

ರಾಚಪ್ಪನವರ ನಂಬಿಕೆ ಒಂದು ಕ್ಷಣ ಅಲುಗಾಡಿತು. ಇದು ಹೆಂಡತಿಯೇ ಏನೋ! ಆದರೆ ಹಾರ್ನು ಕಲಿತ ಮಷೀನಿಗೆ ನಾಚಿಕೆ ಕಲಿಯುವುದು ಎಷ್ಟರ ಮಾತು? ಪರೀಕ್ಷೆ ಎಂದ ಮೇಲೆ ಅರ್ಧಕ್ಕೆ ಬಿಡಬಾರದು. ಅವರು ಗಾಳ ಹಾಕಿದರು.

"ಹೆಸರು ಹೇಳು. ಆಮ್ಯಾಲೆ ನೀ ಹೇಳಿದಂಗ ಕೇಳ್ತೇನಿ. ಮಾತು ಅಂದ್ರ ಮಾತು."

ಯಾರೋ ಗಂಡಸು ಪಕ್ಕದಿಂದ, "ಹೇಳಿಬಿಡ್ರಿ ಅಕ್ಕಾರ, ಬಸ್ ದೂರ ಹೊಕ್ಕೈತಿ" ಅಂದದ್ದು ಕೇಳಿಸಿತು. ಒಂದು ದೀರ್ಘ ಉಸಿರು. ಆಮೇಲೆ, ಅಮೀನಗಡದ ಬಸ್ಸುಗಳೆಲ್ಲ ನಿಂತು ಕೇಳುವ ಹಾಗೆ:

"ರಾಚಪ್ಪ! ರಾಚಪ್ಪ! ರಾಚಪ್ಪ! ಸಾಕೇನು?"

"ಸಿಕ್ಕಿಬಿದ್ದಿ ಮಗನ! ನನ್ನ ಹೆಂಡ್ತಿ ಹೆಸರು ಹೇಳಂಗಿಲ್ಲ, ನೀ ಮಷೀನ!"

ಫೋನು ಇಟ್ಟರು. ನಂಬರು ಬ್ಲಾಕ್ ಮಾಡಿದರು. ಅಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ವಿಜಯ ಒಬ್ಬರೇ ಅನುಭವಿಸುವಂಥದ್ದಲ್ಲವಲ್ಲ! ಅರವತ್ತನಾಲ್ಕು ಜನರ 'ಬಂಧು ಬಳಗ' ವಾಟ್ಸಾಪ್ ಗುಂಪಿಗೆ ಬರೆದರು: "ಎಲ್ಲರ ಗಮನಕ್ಕೆ. ನನ್ನ ಧರ್ಮಪತ್ನಿಯ ಧ್ವನಿಯನ್ನು ದುಷ್ಟರು ಅಪಹರಿಸಿದ್ದಾರೆ. ಆ ಧ್ವನಿ ಏನು ಹೇಳಿದರೂ ಒಪ್ಪಬೇಡಿ."

ತಮ್ಮ ದುಂಡೇಶ ಎರಡೇ ನಿಮಿಷದಲ್ಲಿ ಫೋನು ಮಾಡಿದ. "ಅಣ್ಣ, ನನಗೂ ಬಂತು! ವೈನಿ ದನೀನ! ಅಳಾಕ ಹತ್ತಿತ್ತು. ನೀ ಬರದಿದ್ದು ಓದಿದ್ದೆ ಅಂತ ಪಾರಾದೆ. ಛಲೋತ್ನ್ಯಾಗ ಬೈದು ಇಟ್ಟೆ!"

ಲಲಿತಾ ಅದೇ ಗುಂಪಿನಲ್ಲಿ ಬರೆದಳು: "ನನಗೂ ಬಂತ್ರಿ ಅಣ್ಣಾರ. ಪೊಲೀಸರಿಗೆ ಹೇಳ್ತೇನಿ ಅಂದೆ, ಇಟ್ಟುಬಿಟ್ರು. ಸಿದ್ದಲಿಂಗವ್ವಕ್ಕ ಸೀರಿ ತಗೊಂಡು ಎಷ್ಟೊತ್ತಿಗೆ ಬರ್ತಾಳ?"

ಸಿದ್ದಲಿಂಗವ್ವನಿಗೆ ಬಾಯಿಪಾಠವಿದ್ದ ನಂಬರುಗಳು ಮೂರೇ. ಗಂಡನದು, ಮೈದುನನದು, ಲಲಿತಾಳದು. ಮೂರೂ ಮುಗಿದವು.

ನಿನ್ನ ದನಿ ಕಳುವಾಗಿದೆ ಎಂದು ಹೆಂಡತಿಗೂ ತಿಳಿಸಬೇಕಲ್ಲ! ರಾಚಪ್ಪನವರು ಹೆಮ್ಮೆಯಿಂದ ಅವಳ ನಂಬರಿಗೆ ಫೋನು ಹಚ್ಚಿದರು. ಎತ್ತಿದ್ದು ಗಂಡಸಿನ ದನಿ.

"ನಾ ಕಂಡಕ್ಟರ್ ಮಾತಾಡೋದ್ರಿ."

"ಸಿದ್ದಲಿಂಗವ್ವನ ಕೈಯಾಗ ಕೊಡ್ರಿ."

"ಹೆಂಗ ಕೊಡ್ಲಿ? ಅವ್ರು ಕರದಂಟು ತರ್ತೇನಿ ಅಂತ ಅಮೀನಗಡದಾಗ ಇಳದ್ರು. ಹತ್ತ್ಯಾರ ಅಂತ ನಾ ಸೀಟಿ ಹೊಡದ್ನಿ. ಸೀಟಿನ ಕೆಳಗ ಫೋನ್ ಬಾರಿಸಿದಾಗ ಗೊತ್ತಾತು, ಚೀಲ ಅಷ್ಟ ಹತ್ತೇತಿ ಅಂತ."

ರಾಚಪ್ಪನವರು ಕುರ್ಚಿಯಲ್ಲಿ ಕೂತರು. ಹಾರ್ನು ನಿಜದ ಹಾರ್ನಾಗಿತ್ತು.

"ಚೀಲದಾಗ ಮದವಿ ಸೀರಿ ಐತ್ರಿ," ಎಂದರು ಸಣ್ಣ ದನಿಯಲ್ಲಿ.

"ಅಂಜಬ್ಯಾಡ್ರಿ, ಬಾಗಲಕೋಟಿ ಸ್ಟ್ಯಾಂಡಿನಾಗ ಕಂಟ್ರೋಲರ್ ಕಡೆ ಕೊಟ್ಟಿರ್ತೇನಿ. ಆದ್ರ ಅವ್ರ ಬಂದು ಒಯ್ಯಬೇಕು. ನಿಮ್ಮ ದನಿ ನಂಬಿ ಬ್ಯಾರೆಯವ್ರ ಕೈಯಾಗ ಕೊಡಾಕ ಬರಂಗಿಲ್ಲ. ಈಗ ಫೋನಿನ್ಯಾಗ ಭಾಳ ಮೋಸ ನಡದೈತ್ರಿ."

ನಂಬರು ಬ್ಲಾಕ್ ಮಾಡಲು ಒಂದು ಒತ್ತು ಸಾಕಾಗಿತ್ತು. ಬಿಡಿಸಲು ಹನ್ನೆರಡು ನಿಮಿಷ ಹಿಡಿಯಿತು. ಕೊನೆಗೆ ಆ ನಂಬರು ಹತ್ತಿತು. ಅದು ಅಮೀನಗಡದಲ್ಲಿ ಕರದಂಟಿನ ಅಂಗಡಿ ಇಟ್ಟಿರುವ ನಬಿಸಾಬನದು.

"ಅಕ್ಕಾರನ್ನ ಮುಂದಿನ ಬಸ್ಸಿಗೆ ಹತ್ತಿಸಿ ಕಳಿಸಿದ್ನಿ. ಟಿಕೆಟ್ಟೂ ನಾನ ತಗಸಿದ್ನಿ. ನೀವ್ಯಾರು?"

"ಅವ್ರ ಯಜಮಾನ್ರಿ."

"ಹೌದಾ? ಹೆಸರು ಹೇಳ್ರಿ ನೋಡೂಣು."

"ರಾಚಪ್ಪ."

"ಹೆಸರು ಹೇಳಿದ್ರಿ. ಅಂದಮ್ಯಾಲೆ ನೀವು ಮಷೀನ," ಎಂದು ನಬಿಸಾಬ ಫೋನು ಇಟ್ಟ.

ರಾಚಪ್ಪನವರು ಗುಂಪಿಗೆ ತಿದ್ದುಪಡಿ ಬರೆದರು: "ಮೇಲಿನ ಧ್ವನಿ ಅಸಲಿ ಧ್ವನಿಯೇ." ಅದಕ್ಕೆ ದುಂಡೇಶ ಉತ್ತರಿಸಿದ: "ಅಣ್ಣನ ಫೋನೂ ಹ್ಯಾಕ್ ಆಗೇತಿ. ಯಾರೂ ನಂಬಬ್ಯಾಡ್ರಿ." ಐವತ್ತೊಂದು ಜನ ಕೈಮುಗಿದರು.

ಸಂಜೆ ಐದಕ್ಕೆ ಸಿದ್ದಲಿಂಗವ್ವನ ನಂಬರಿನಿಂದಲೇ ಕರೆ ಬಂತು. ಚೀಲ ಸಿಕ್ಕಿತ್ತು. ಸೀರೆಯೂ ಮುಟ್ಟಿತ್ತು. ಲಲಿತಾ ಮಾತ್ರ ಕಿಟಕಿಯಿಂದ ಕೈ ಹಾಕಿ, ಗೆಳತಿಯ ಗಲ್ಲ ಮುಟ್ಟಿ ನೋಡಿಯೇ ಬಾಗಿಲು ತೆಗೆದಳಂತೆ.

"ಹೆಸರು ಹೇಳಿದ್ರ ಹೇಳಿದಂಗ ಕೇಳ್ತೇನಿ ಅಂದಿದ್ರಲ್ಲ?" ಎಂದರು ಸಿದ್ದಲಿಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಭಯದ ಸಂಗತಿ.

"ಅಂದಿದ್ದೆ."

"ನಾಳೆ ಲಗ್ನಕ್ಕ ಬರ್ರಿ. ಬರೂಮುಂದ ನಬಿಸಾಬರ ಅಂಗಡ್ಯಾಗ ಎರಡು ಕಿಲೋ ಕರದಂಟು ತರ್ರಿ. ತಪ್ಪಾತು ಅಂತ ಹೇಳಿ ತರ್ರಿ."

ಹೇಳಿದರು. ತಂದರು. ನಬಿಸಾಬ ಕರದಂಟು ತೂಗುವ ಮೊದಲು ಅವರ ಆಧಾರ್ ಕಾರ್ಡು ಕೇಳಿದ.

ಮುಹೂರ್ತಕ್ಕೆ ಸರಿಯಾಗಿ ಅಕ್ಕಿಕಾಳು ಬಿದ್ದವು. ಕೆಂಪು ಸೆರಗು ಎಲ್ಲರ ಕಣ್ಣಿಗೆ ಬಿತ್ತು. ಊಟವಾದ ಮೇಲೆ ಹೆಂಗಸರು ಒಡಪಿಗಾಗಿ ಮದುಮಗಳನ್ನು ಬಾಗಿಲಲ್ಲಿ ಅಡ್ಡಗಟ್ಟಿದರು. ಹುಡುಗಿ ನಾಚಿ ಬಾಯಿ ಬಿಡಲಿಲ್ಲ.

"ಮದ್ಲ ಸಿದ್ದಲಿಂಗವ್ವಕ್ಕ ಹೇಳ್ಲಿ, ಆಮ್ಯಾಲೆ ಇಕಿ ಹೇಳ್ತಾಳ," ಎಂದಳು ಲಲಿತಾ.

ಸಿದ್ದಲಿಂಗವ್ವ ಒಲ್ಲೆ ಅನ್ನಲಿಲ್ಲ. ತಲೆ ತಗ್ಗಿಸಲೂ ಇಲ್ಲ. ಕರದಂಟಿನ ಪೆಟ್ಟಿಗೆ ಹಿಡಿದು ಗಂಡಸರ ಸಾಲಿನ ಕೊನೆಯಲ್ಲಿ ನಿಂತಿದ್ದ ಗಂಡನನ್ನು ನೋಡುತ್ತಾ ಹೇಳಿದರು:

"ಅಮೀನಗಡದ ಕರದಂಟು ಬಾಯಾಗಿಟ್ರ ಸಿಹಿಯಪ್ಪ,
ಹೆಂಡ್ತಿ ದನಿ ಗುರುತಿಲ್ಲ, ನಮ್ಮನಿಯ ರಾಚಪ್ಪ!"

ಮಂಟಪ ನಕ್ಕಿತು. ಮದುಮಗಳು ನಾಚಿಕೆ ಮರೆತು ನಕ್ಕಳು. ಮೂವತ್ತು ನಲವತ್ತು ಫೋನುಗಳು ಒಟ್ಟಿಗೆ ಮೇಲೆದ್ದವು.

ಸಂಜೆಗೆ ಆ ವಿಡಿಯೊ 'ಬಂಧು ಬಳಗ'ಕ್ಕೆ ಬಂತು. ರಾತ್ರಿಯೊಳಗೆ ಯಾರೋ ಅದಕ್ಕೆ ಡೊಳ್ಳಿನ ಸದ್ದು ಕೂಡಿಸಿದರು. ಭಾನುವಾರದ ಹೊತ್ತಿಗೆ ತೊಂಬತ್ತು ಸಾವಿರ ಜನ ನೋಡಿದ್ದರು. ರಾಚಪ್ಪನವರೂ ಕುತೂಹಲ ತಡೆಯಲಾರದೆ ಹನ್ನೊಂದು ಸಲ ನೋಡಿದರು. ಹನ್ನೆರಡನೆಯ ಸಲ ನೋಡುವಾಗ ಹೊಳೆಯಿತು: ಹೆಂಡತಿಯ ದನಿಯಲ್ಲಿ ತಮ್ಮ ಹೆಸರು ಈಗ ಯಾವ ಕಳ್ಳನಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ.

"ಗುರುತಿನ ಮಾತು ಬದಲಿ ಮಾಡಬೇಕು," ಎಂದು ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದರು.

"ಮಾಡೇನಿ," ಎಂದರು ಸಿದ್ದಲಿಂಗವ್ವ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ಶೀಲಾಗ ಹೇಳೇನಿ. ಲಲಿತಾಗ, ನಬಿಸಾಬರಿಗೂ ಹೇಳೇನಿ."

"ನನಗ?"

"ನೀವು ಮದ್ಲ ಹಿತ್ತಲ ಬಾಗಲದ ಚಿಲಕಾ ಹಾಕಿಸ್ರಿ."

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಡಿಗೇರ ಬಂದು ಚಿಲಕ ಹಾಕಿ ಹೋದ. ಗುರುತಿನ ಮಾತನ್ನು ರಾಚಪ್ಪನವರಿಗೆ ಇನ್ನೂ ಹೇಳಿಲ್ಲ.