ಸಂಘಕ್ಕೆ ಬ್ರಿಟಿಷ್ ಸಂವಿಧಾನ ತಂದವಳು ನಾನೇ

ಬ್ರಿಟನ್ನಿನಲ್ಲಿ ಏನಾದರೊಂದು ಆಗುತ್ತದೆ, ಸ್ವಲ್ಪ ದಿನಕ್ಕೆ ಅದೇ ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿರುವ ನಮ್ಮ ಕನ್ನಡ ಸಂಘದಲ್ಲೂ ಆಗುತ್ತದೆ. ನಡುವೆ ಅಷ್ಟು ದೊಡ್ಡ ಸಮುದ್ರ ಇದ್ದೂ ಇದು ತಪ್ಪಿಲ್ಲ. ಒಂದು ಸಲ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ಒಂಬತ್ತು ವರ್ಷ ಬಿಡದೆ ಆದ ಮೇಲೆ ಯಾರದೋ ಕೈವಾಡ ಇರಲೇಬೇಕಲ್ಲ. ಆ ಕೈ ನನ್ನದು.

ಪಾಯಸಕ್ಕೆ ಮುಂಚೆ

ಹತ್ತು ವರ್ಷ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದು, 2010ರಲ್ಲಿ ನಾನೂ ನನ್ನ ಯಜಮಾನರೂ ಕ್ಯಾರಿಗೆ ಬಂದೆವು. ಬಂದ ತಿಂಗಳಲ್ಲೇ ಸಂಘದ ಭಾನುವಾರದ ಕನ್ನಡ ತರಗತಿ ನನ್ನ ಪಾಲಿಗೆ ಬಂತು. ಕಮ್ಯುನಿಟಿ ಸೆಂಟರಿನ ಒಂದು ರೂಮು, ಒಂದು ವೈಟ್‌ಬೋರ್ಡು, ಹನ್ನೊಂದು ಮಕ್ಕಳು. ದೊಡ್ಡವು ಬಿಟ್ಟಂತೆ ಚಿಕ್ಕವು ಸೇರುತ್ತಿದ್ದವು, ಹನ್ನೊಂದರ ಆಸುಪಾಸು ಯಾವಾಗಲೂ ಇರುತ್ತಿತ್ತು. ನನಗೆ ಬೇಕಾಗಿದ್ದದ್ದು ಆ ತರಗತಿ ನಿಲ್ಲದೆ ನಡೆಯುವುದು, ಅಷ್ಟೇ. ಸಂಘದ ರಾಜಕೀಯಕ್ಕೂ ನನಗೂ ಸಂಬಂಧವಿರಲಿಲ್ಲ. ಬಾಯಿ ಸುಮ್ಮನಿದ್ದಿದ್ದರೆ ಈಗಲೂ ಇರುತ್ತಿರಲಿಲ್ಲ.

ಆಗ ಸಂಘಕ್ಕೆ ಬರೆದಿಟ್ಟ ನಿಯಮ ಒಂದೂ ಇರಲಿಲ್ಲ. ಅಧ್ಯಕ್ಷರ ಆಯ್ಕೆ ಗಣೇಶನ ಹಬ್ಬದ ಊಟದಲ್ಲಿ, ಪಾಯಸ ಬಡಿಸುವುದಕ್ಕೆ ಸ್ವಲ್ಪ ಮುಂಚೆ ಆಗುತ್ತಿತ್ತು. ಯಾರೋ ಒಬ್ಬರು ಎದ್ದು, "ಮುಂದಿನ ವರ್ಷ ಇವರು ಮಾಡ್ಲಿ" ಎನ್ನುತ್ತಿದ್ದರು. ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು. ಎಲೆ ಮುಂದೆ ಕೂತವನಿಗೆ ಎದ್ದು ಓಡುವುದಕ್ಕೂ ಆಗದು, ಒಲ್ಲೆ ಎಂದರೆ ಪಾಯಸ ಬರದು. ಇಪ್ಪತ್ತು ವರ್ಷ ಹೀಗೇ ನಡೆದು ಒಂದು ಜಗಳವೂ ಆಗಿರಲಿಲ್ಲ.

ಆ ವರ್ಷ ಹೀಗೆ ಸಿಕ್ಕಿಬಿದ್ದವರು ಧಾರವಾಡ ಕಡೆಯ ಮೂಳೆ ಡಾಕ್ಟರು. ನಾನು ಪಕ್ಕದವರೊಂದಿಗೆ ಮಾತಾಡುತ್ತಾ, ಬ್ರಿಟನ್ನಿನಲ್ಲೂ ಒಂದೇ ಪುಸ್ತಕವಾಗಿ ಬರೆದ ಸಂವಿಧಾನ ಇಲ್ಲ, ಎಲ್ಲ ಸಂಪ್ರದಾಯದ ಮೇಲೇ ನಡೆಯುತ್ತದೆ, ಈಗ ಪಾಪ ಸುಧಾರಣೆ ಮಾಡುತ್ತಿದ್ದಾರೆ, ಸಂಸತ್ತಿಗೆ ಐದು ವರ್ಷದ ಅವಧಿ ಗೊತ್ತುಮಾಡುತ್ತಾರಂತೆ ಎಂದೆ. ಡಾಕ್ಟರ ಕಿವಿಗೆ ಅದು ಬಿತ್ತು. ಮರುದಿನವೇ ಫೋನು ಬಂತು. ನಮಗೂ ಒಂದು ನಿಯಮಾವಳಿ ಬರೆದುಕೊಡಿ, ಬ್ರಿಟನ್ ಕಂಡವರು ನೀವೊಬ್ಬರೇ ಎಂದರು. ನನಗೂ ಒಳಗೊಳಗೇ ಹೆಮ್ಮೆ. ಹದಿನಾಲ್ಕು ಪುಟ ಬರೆದೆ. ಒಂದು ವರ್ಷದ ಅಧ್ಯಕ್ಷಗಿರಿಯಿಂದ ತಪ್ಪಿಸಿಕೊಳ್ಳಲು ಕಾಲು ಉಳುಕಿದ ನೆಪ ಹೇಳಿದ್ದ ಮನುಷ್ಯ ಅದನ್ನೆಲ್ಲ ಓದಿ ಅಂದದ್ದು ಇಷ್ಟು:

"ಐದು ವರ್ಷದ್ದು ಛಲೋ ಅದ ನೋಡ್ರಿ ಮೇಡಂ. ಒಂದು ವರ್ಷದಾಗ ಯಾರಿಗೆ ಏನ್ ಮಾಡ್ಲಿಕ್ಕಾಗ್ತದ?"

ಉಳುಕು ಅವತ್ತೇ ವಾಸಿಯಾಯಿತು.

ಉಪ್ಪಿಟ್ಟಿನ ಗೆಲುವು

ಮರುವರ್ಷ ಬ್ರಿಟನ್ನಿನಲ್ಲಿ ಮತ ಹಾಕುವ ವಿಧಾನವನ್ನೇ ಬದಲಿಸಬೇಕೇ ಎಂದು ಜನರನ್ನು ಕೇಳಿದರು. ಒಬ್ಬರಿಗೆ ಗುರುತು ಹಾಕುವ ಬದಲು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಬರೆಯುವುದು. ಕೊನೆಗೆ ಬಂದವರನ್ನು ಕೈಬಿಟ್ಟು, ಅವರ ಓಟುಗಳನ್ನು ಎರಡನೇ ಆಯ್ಕೆಗೆ ಹಂಚುವುದು. ಕಾಗದದ ಮೇಲೆ ಬಹಳ ಚೆನ್ನಾಗಿದೆ. ದೀಪಾವಳಿ ಊಟ ಏನಿರಬೇಕು ಎಂಬ ಜಗಳಕ್ಕೆ ಇದೇ ಮದ್ದು ಎಂದು ನಾನು ಸಭೆಯಲ್ಲಿ ಹೇಳಿದೆ. ಬ್ರಿಟನ್ನಿನ ಜನ ಅದನ್ನು ಬೇಡವೆಂದು ತಳ್ಳಿಹಾಕಿದ ವಿಷಯ ಹೇಳಲು ಮರೆತೆ.

ಅಧ್ಯಕ್ಷರಾದ ಡಾಕ್ಟರ ಕಡೆಯವರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ. ಮಂಗಳೂರಿನ ಕಾರ್ಯದರ್ಶಿಯ ಕಡೆಯವರಿಗೆ ನೀರುದೋಸೆ. ಎರಡೇ ಹೆಸರಿದ್ದರೆ ಹೊಸ ವಿಧಾನಕ್ಕೆ ಅರ್ಥವಿಲ್ಲವೆಂದು, ಪಟ್ಟಿ ತುಂಬಲು ಉಪ್ಪಿಟ್ಟನ್ನೂ ಸೇರಿಸಿದೆವು. ಉಪ್ಪಿಟ್ಟಿಗೆ ಅಡುಗೆ ತಂಡದವರೆಲ್ಲ ಒಂದಾಗಿ ಓಟು ಹಾಕಿದರು, ಕೆಲಸ ಕಡಿಮೆ ಎಂದು. ಎಣಿಸಿದಾಗ ಒಂದು ಓಟಿನಿಂದ ನೀರುದೋಸೆ ಕೊನೆಗೆ ಬಂತು. ಅದರ ಓಟುಗಳನ್ನು ಬಿಚ್ಚಿ ನೋಡಿದರೆ, ಕರಾವಳಿಯವರೆಲ್ಲ ರೊಟ್ಟಿಗೆ ಗೆಲುವು ಸಿಗಬಾರದೆಂದು ಎರಡನೇ ಆಯ್ಕೆ ಉಪ್ಪಿಟ್ಟಿಗೆ ಕೊಟ್ಟಿದ್ದರು.

ದೀಪಾವಳಿಯ ದಿನ ರೇಷ್ಮೆ ಸೀರೆ ಉಟ್ಟ ಹೆಂಗಸರು, ಜುಬ್ಬಾ ತೊಟ್ಟ ಗಂಡಸರು ಪೇಪರ್ ಪ್ಲೇಟು ಹಿಡಿದು ಉಪ್ಪಿಟ್ಟಿಗೆ ಸಾಲು ನಿಂತರು. ಯಾರೂ ನನ್ನ ಮುಖ ನೋಡಲಿಲ್ಲ. ಅಧ್ಯಕ್ಷರು ಮಾತ್ರ ಹತ್ತಿರ ಬಂದು, "ಜನಾದೇಶ ಅದ ರಿ ಮೇಡಂ, ನುಂಗಬೇಕು" ಎಂದು ನೀರು ಕುಡಿದರು.

ಆರು ತಿಂಗಳ ಮೇಲ್ಮನೆ

ಬ್ರಿಟನ್ನಿನವರು ತಮ್ಮ ಮೇಲ್ಮನೆಯಾದ ಲಾರ್ಡ್ಸ್ ಸಭೆಯನ್ನು ಸುಧಾರಿಸಲು ಹೊರಟು ಅರ್ಧಕ್ಕೇ ಕೈಬಿಟ್ಟ ವರ್ಷ, ನಮ್ಮ ಸಂಘದವರು ಅಂಥದ್ದೊಂದನ್ನು ಹೊಸದಾಗಿ ಕಟ್ಟಿದರು. ಊರಿನಿಂದ ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳಿಗೆ ಹೊತ್ತು ಹೋಗುವುದಿಲ್ಲ, ಕಾರು ಓಡಿಸಲು ಬರುವುದಿಲ್ಲ, ಸಬ್‌ಡಿವಿಜನ್ ಅನ್ನುವ ಬಡಾವಣೆಯ ಒಳಗೇ ಸುತ್ತು ಹೊಡೆಯುತ್ತಿರುತ್ತಾರೆ. ಅವರದೇ ಒಂದು ಹಿರಿಯರ ಸಭೆ ಇರಲಿ ಎಂದು ತೀರ್ಮಾನವಾಯಿತು. ಯಾವ ನಿರ್ಣಯವನ್ನೂ ಅವರು ತಡೆಹಿಡಿಯಬಹುದು, ತಿರಸ್ಕರಿಸುವ ಹಾಗಿಲ್ಲ.

ಅದೇ ಹೊತ್ತಿಗೆ ನನ್ನ ತರಗತಿಗೆ ದೊಡ್ಡ ರೂಮು ಸಿಗುವುದರಲ್ಲಿತ್ತು. ಸಂಘ ಒಂದು ಪತ್ರ ಬರೆದುಕೊಟ್ಟರೆ ಸಾಕಿತ್ತು. ಪತ್ರ ಹಿರಿಯರ ಸಭೆಗೆ ಹೋಯಿತು. ಅದರ ಮುಖ್ಯಸ್ಥರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮಗಳ ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಕೂತು ಒಂದೊಂದು ಸಾಲಿಗೂ ಆಕ್ಷೇಪಣೆ ಬರೆದರು. ರೂಮು ಎಂದರೆ ನಾಲ್ಕು ಗೋಡೆಯೇ, ಬಾಗಿಲೂ ಸೇರಿಯೇ, ಚಕ್ಕುಬಂದಿ ಎಲ್ಲಿ ಎಂದು ಕೇಳಿದರು. ನಾನು ಚಕ್ಕುಬಂದಿ ಬರೆದೆ. ಪೂರ್ವಕ್ಕೆ ಪಾರ್ಕಿಂಗ್ ಲಾಟು, ಪಶ್ಚಿಮಕ್ಕೆ ವೆಂಡಿಂಗ್ ಮಷೀನು.

ಲಾರ್ಡ್ಸ್‌ನವರಿಗೆ ಬದುಕಿರುವ ತನಕ ಕುರ್ಚಿ. ನಮ್ಮವರಿಗೆ ವಿಸಿಟರ್ ವೀಸಾದ ಆರು ತಿಂಗಳು. ಆರು ತಿಂಗಳು ಮುಗಿದು ಶಿರಸ್ತೇದಾರರು ಊರಿಗೆ ಹೊರಟರು. ಕಡತ ಎಲ್ಲಿ ಎಂದು ಹುಡುಕಿದರೆ ಅವರ ಸೂಟ್‌ಕೇಸಿನಲ್ಲೇ ಹೋಗಿತ್ತು. ಫೋನು ಮಾಡಿ ಕೇಳಿದೆ.

"ಕಡತ ಭದ್ರ ಐತಿ ತಾಯಿ, ಚಿಂತಿ ಮಾಡಬ್ಯಾಡ್ರಿ," ಅಂದರು. "ಮುಂದಿನ ವರ್ಷ ಬರ್ತೀನಲ್ಲ, ವಾಯ್ದೆ ಹಾಕೀನಿ."

ಅಷ್ಟರಲ್ಲಿ ಆ ದೊಡ್ಡ ರೂಮಿಗೆ ಝುಂಬಾ ಕುಣಿತದ ಕ್ಲಾಸು ಬಂದಿತ್ತು. ಅವರಿಗೆ ಮೇಲ್ಮನೆ ಇರಲಿಲ್ಲ.

ಒಂದು ಮನೆ, ಒಂದು ಓಟು

ಇಷ್ಟು ಹೊತ್ತು ನಕ್ಕಿದ್ದೇನೆ. ಇನ್ನು ಮುಂದಿನದಕ್ಕೆ ನಗು ಬರುವುದಿಲ್ಲ.

ಬ್ರಿಟನ್ನಿನಲ್ಲಿ ನನಗೆ ಓಟಿತ್ತು. ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸವಿದ್ದರೆ ಓಟು ಹಾಕಬಹುದು. ಅಮೆರಿಕಕ್ಕೆ ಬಂದ ಮೇಲೆ ಅದೂ ಹೋಯಿತು. ನಮ್ಮ ಸಂಘದಲ್ಲಿ ಬಹಳ ಜನ ನನ್ನ ಹಾಗೇ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ತಲೆ ನರೆತವರು. ಇಲ್ಲಿ ಓಟಿಲ್ಲ, ಊರಿಗೆ ಹೋಗಿ ಹಾಕಲು ರಜೆಯಿಲ್ಲ. ಇಡೀ ಭೂಮಿಯ ಮೇಲೆ ಅವರು ಓಟು ಹಾಕಬಹುದಾದ ಜಾಗ ಎಂದರೆ ಕನ್ನಡ ಸಂಘ ಒಂದೇ. ಹಸಿದವನ ಮುಂದೆ ಎಲೆ ಹಾಕಿದ ಹಾಗೆ ನಾನು ಅಲ್ಲಿ ಚುನಾವಣೆ ತಂದಿಟ್ಟಿದ್ದೆ.

2016ರಲ್ಲಿ ಬ್ರಿಟನ್ನು ಯುರೋಪಿನ ಒಕ್ಕೂಟ ಬಿಡಲು ಓಟು ಹಾಕಿತು. ನಮ್ಮ ಅಧ್ಯಕ್ಷರ ಎರಡನೇ ಐದು ವರ್ಷ ಆಗ ಯಾರೂ ಕೇಳದೆ ಶುರುವಾಗಿತ್ತು. ನಾರ್ತ್, ಸೌತ್ ಎರಡೂ ಕೆರೊಲಿನಾಗಳ ಕನ್ನಡ ಸಂಘಗಳಿಗೆಲ್ಲ ಸೇರಿ ಶಾರ್ಲೆಟ್ ಊರಿನಲ್ಲಿ ಒಂದು ಒಕ್ಕೂಟವಿತ್ತು. ನನ್ನ ತರಗತಿಯ ರೂಮು, ಇನ್ಶೂರೆನ್ಸು, ಬೆಂಗಳೂರಿಂದ ಬರುವ ಪಠ್ಯಪುಸ್ತಕ, ಎಲ್ಲ ಒಕ್ಕೂಟದ ಹೆಸರಿನಲ್ಲೇ. ಶಾರ್ಲೆಟ್‌ನವರು ನಮಗೆ ಬುದ್ಧಿ ಹೇಳುವುದೇನು ಎಂದು ಅಧ್ಯಕ್ಷರಿಗೆ ಸಿಟ್ಟು. ಒಕ್ಕೂಟ ಬಿಡೋಣ ಎಂದರು. ಇರೋಣ ಎಂದು ಕಾರ್ಯದರ್ಶಿ. ಜನರನ್ನೇ ಕೇಳೋಣ ಎಂದಾಯಿತು. ಅಧ್ಯಕ್ಷರ ಮಿನಿವ್ಯಾನಿನ ಪಕ್ಕಕ್ಕೆ ದೊಡ್ಡ ಬೋರ್ಡು ಬಂತು: ಒಕ್ಕೂಟ ಬಿಟ್ಟರೆ ಮಕ್ಕಳ ಕನ್ನಡ ತರಗತಿಗೆ ಸ್ವಂತ ಕಟ್ಟಡ. ಕಟ್ಟಡ ಎಲ್ಲಿಂದ ಬರುತ್ತದೆ ಎಂದು ತರಗತಿ ನಡೆಸುವ ನಾನು ಕೇಳಿದೆ. ಬೋರ್ಡಿನಲ್ಲಿ ಅಷ್ಟೇ ಜಾಗ ಇದ್ದದ್ದು ಎಂದರು.

ಸದಸ್ಯತ್ವ ಮನೆಗೊಂದು, ಆದ್ದರಿಂದ ಓಟೂ ಮನೆಗೊಂದು. ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ಮಾತು ಬಿಟ್ಟರೋ ದೇವರಿಗೇ ಗೊತ್ತು. ನಮ್ಮ ಮನೆಯಲ್ಲಿ ಆ ತೊಂದರೆ ಇರಲಿಲ್ಲ, ಇಬ್ಬರದೂ ಇರೋಣ ಎಂದೇ. ಓಟಿನ ಹೊತ್ತಿಗೆ ನನಗೆ ತರಗತಿ ಇತ್ತು, ಯಜಮಾನರು ಹೋಗಿ ಹಾಕಿ ಬಂದರು. ಫಲಿತಾಂಶ ಬಂತು. ಒಂದು ಓಟಿನಿಂದ ಒಕ್ಕೂಟ ಬಿಡುವ ಪಕ್ಷ ಗೆದ್ದಿತ್ತು.

ಸಂಜೆ ನಾನು ಅಡುಗೆಮನೆಯಲ್ಲಿ ಅಳುತ್ತಿದ್ದಾಗ ಯಜಮಾನರು ಬಂದು ಬಾಗಿಲಲ್ಲಿ ನಿಂತರು. ಆಮೇಲೆ, "ನಾನು ಬಿಡೋದಕ್ಕೇ ಹಾಕ್ದೆ ಕಣೇ," ಅಂದರು.

ನಾನು ಕಣ್ಣೊರೆಸಿಕೊಂಡು ಅವರ ಕಡೆ ತಿರುಗಿದೆ.

"ಆ ಒಕ್ಕೂಟದವ್ರಿಗೆ ಸ್ವಲ್ಪ ಬಿಸಿ ಮುಟ್ಲಿ ಅಂತ ಅಷ್ಟೆ. ಗೆಲ್ಲುತ್ತೆ ಅಂತ ಯಾರಿಗ್ಗೊತ್ತಿತ್ತು?"

ಅವತ್ತು ರಾತ್ರಿ ಊಟಕ್ಕೆ ಉಪ್ಪಿಟ್ಟು ಮಾಡಿದೆ. ಅವರು ಎರಡು ಸಲ ಹಾಕಿಸಿಕೊಂಡರು.

ಐದು ವಾರದ ಮೌನ

ಬಿಡುವುದು ಅಂದರೆ ಬಿಡುವುದು ಎಂದು ಅಧ್ಯಕ್ಷರು ಮೂರು ವರ್ಷ ಹೇಳಿದರು. ಬಿಡುವುದು ಹೇಗೆ ಎಂದು ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಕಾರ್ಯದರ್ಶಿ ಒಕ್ಕೂಟದಲ್ಲೇ ಉಳಿಯುವವರನ್ನು ಕಟ್ಟಿಕೊಂಡು ಬೇರೆ ಸಂಘ ಮಾಡಿದ್ದರು. ಆದರೂ ಎರಡು ಸಂಘದವರೂ ಹಳೇ ವಾಟ್ಸಾಪ್ ಗ್ರೂಪಿನಲ್ಲೇ ಇದ್ದರು. ಬೈಯುವುದಕ್ಕೆ ಎದುರಿಗೆ ಜನ ಬೇಕಲ್ಲ.

2019ರಲ್ಲಿ ಬ್ರಿಟನ್ನಿನ ಪ್ರಧಾನಿ ಸಂಸತ್ತಿನ ಬಾಗಿಲನ್ನೇ ಐದು ವಾರ ಮುಚ್ಚಿಸಲು ಹೊರಟರು. ವಾರ ಕಳೆಯುವುದರೊಳಗೆ ನಮ್ಮ ಗ್ರೂಪಿನಲ್ಲಿ ಯಾರು ಟೈಪು ಮಾಡಿದರೂ ಹೋಗುತ್ತಿರಲಿಲ್ಲ. ಐದು ವಾರ ಅಡ್ಮಿನ್ ಒಬ್ಬರೇ ಬರೆಯಬಹುದು ಎಂದು ಅಧ್ಯಕ್ಷರು ಬದಲಿಸಿದ್ದರು. ಹಬ್ಬದ ತಯಾರಿಗೆ ಶಾಂತಿ ಬೇಕು ಎಂಬುದು ಕಾರಣ. ದಿನವೂ ಅವರದೊಂದೇ ಸಂದೇಶ ಬರುತ್ತಿತ್ತು. ಶುಭೋದಯದ ಹೂವು, ಕೆಳಗೊಂದು ನಿರ್ಣಯ. ಅಂಥ ಒಂದು ಹೂವಿನ ಕೆಳಗೆ, ಕನ್ನಡ ತರಗತಿ ಇನ್ನು ಮುಂದೆ ಅಧ್ಯಕ್ಷರ ಸ್ವಂತ ಕ್ಲಿನಿಕ್ಕಿನ ವೇಟಿಂಗ್ ರೂಮಿನಲ್ಲಿ ಎಂದಿತ್ತು.

ಬ್ರಿಟನ್ನಿನ ದೊಡ್ಡ ಕೋರ್ಟು, ಸಂಸತ್ತು ಮುಚ್ಚಿದ್ದು ಕಾನೂನಿಗೆ ವಿರುದ್ಧ, ಅದು ಮುಚ್ಚೇ ಇರಲಿಲ್ಲ ಎಂದು ತಿಳಿಯಬೇಕು ಎಂದಿತು. ಕಾರ್ಯದರ್ಶಿ ಆ ಸುದ್ದಿ ಹಿಡಿದು, ನನ್ನನ್ನೂ ಕರೆದುಕೊಂಡು ಅಧ್ಯಕ್ಷರ ಮನೆಗೇ ಹೋದರು.

"ಎಂತ ಮಾರಾಯ್ರೆ, ಗ್ರೂಪು ಮುಚ್ಚೇ ಇರ್ಲಿಲ್ಲ ಅಂತ ನೀವು ಒಪ್ಪಬೇಕು," ಅಂದರು.

ಅಧ್ಯಕ್ಷರು ಚಹಾ ಕೊಟ್ಟು, ನಿಧಾನವಾಗಿ ಯೋಚಿಸಿ, ಒಪ್ಪಿದರು. "ಮುಚ್ಚೇ ಇರ್ಲಿಲ್ಲ ಅಂದ ಮ್ಯಾಲ, ಐದು ವಾರ ನಾ ಹಾಕಿದ್ದಕ್ಕ ಯಾರೂ ಬ್ಯಾಡ ಅಂದಿಲ್ಲ. ಎಲ್ಲಾ ಸರ್ವಾನುಮತದಿಂದ ಪಾಸ್ ಆತಲ್ಲ."

ಮಾನಿಟರ್ ಚುನಾವಣೆ

ಆ ಭಾನುವಾರ ಹತ್ತು ಗಂಟೆಗೆ ಕ್ಲಿನಿಕ್ಕಿನಲ್ಲಿ ಒಂದು ಅಧಿಕೃತ ಕನ್ನಡ ತರಗತಿ. ಅದೇ ಹತ್ತು ಗಂಟೆಗೆ ಕಾರ್ಯದರ್ಶಿಯವರ ಬೇಸ್‌ಮೆಂಟಿನಲ್ಲಿ ಇನ್ನೊಂದು ಅಧಿಕೃತ ಕನ್ನಡ ತರಗತಿ. ಎರಡರ ಫ್ಲೈಯರಿನಲ್ಲೂ ಟೀಚರ್ ಎಂದು ನನ್ನದೇ ಫೋಟೊ. ನಾನು ಎರಡಕ್ಕೂ ಹೋಗಲಿಲ್ಲ. ಕಮ್ಯುನಿಟಿ ಸೆಂಟರಿನ ಹಳೇ ರೂಮನ್ನು ನನ್ನ ಸ್ವಂತ ಹೆಸರಿನಲ್ಲಿ ಹಿಡಿದು, ಬೋರ್ಡು ಒರೆಸಿ ಕೂತೆ. ಮಕ್ಕಳು ಬಂದೇ ಬರುತ್ತಾರೆ ಎಂದು ನನಗೆ ನಂಬಿಕೆಯಿತ್ತು.

ಕ್ಲಿನಿಕ್ಕಿಗೆ ಕಳಿಸಿದರೆ ಕಾರ್ಯದರ್ಶಿಗೆ ಕೋಪ, ಬೇಸ್‌ಮೆಂಟಿಗೆ ಕಳಿಸಿದರೆ ಅಧ್ಯಕ್ಷರಿಗೆ ಕೋಪ, ನನ್ನಲ್ಲಿಗೆ ಕಳಿಸಿದರೆ ಇಬ್ಬರಿಗೂ ಕೋಪ. ಅಪ್ಪ ಅಮ್ಮಂದಿರು ಬುದ್ಧಿವಂತರು. ಮಕ್ಕಳನ್ನು ಸಾಕರ್‌ಗೂ ಸ್ವಿಮ್ಮಿಂಗಿಗೂ ಕಳಿಸಿದರು.

ಹತ್ತೂಕಾಲಿಗೆ ಒಂಬತ್ತು ವರ್ಷದ ಒಬ್ಬಳು ಚೀಲ ಹೊತ್ತು ಒಳಗೆ ಬಂದಳು. ಅವಳಮ್ಮ ಗ್ರೂಪನ್ನು ಯಾವತ್ತೋ ಮ್ಯೂಟ್ ಮಾಡಿದ್ದರಂತೆ, ಸಂಘ ಎರಡಾದದ್ದೇ ಆಕೆಗೆ ಗೊತ್ತಿರಲಿಲ್ಲ. ಮಗು ಸುತ್ತ ಖಾಲಿ ಕುರ್ಚಿಗಳನ್ನು ನೋಡಿತು. ಏನೂ ಕೇಳದೆ ತನ್ನ ಜಾಗದಲ್ಲೇ ಕೂತಿತು. ಪಾಠ ಶುರು ಮಾಡೋಣವೇ ಎಂದರೆ, ಇವತ್ತು ಹೊಸ ಸೆಮಿಸ್ಟರಿನ ಮೊದಲ ದಿನ, ಮಾನಿಟರ್ ಎಲೆಕ್ಷನ್ ಆಗಬೇಕಲ್ಲ ಎಂದು ನೆನಪಿಸಿತು. ನೀನೊಬ್ಬಳೇ ಇರುವುದು, ನೀನೇ ಮಾನಿಟರ್ ಎಂದೆ. ಹಾಗೆಲ್ಲ ಆಗುವುದಿಲ್ಲ, ಚೀಟಿ ಬೇಕೇ ಬೇಕು ಎಂದಿತು. ಅಡ್ಡ ಕೈ ಇಟ್ಟುಕೊಂಡು ಗುಟ್ಟಾಗಿ ಬರೆದು, ನಾಲ್ಕು ಮಡಿಕೆ ಮಡಿಸಿ ತಂದುಕೊಟ್ಟಿತು.

ಬಿಚ್ಚಿದೆ. ಗುಂಡಗಿನ ಕನ್ನಡ ಅಕ್ಷರದಲ್ಲಿ, ಒತ್ತಕ್ಷರವೂ ಸರಿಯಾಗಿ, ಅವಳ ಗೆಳತಿಯ ಹೆಸರಿತ್ತು. ಆ ಗೆಳತಿ ಅಧ್ಯಕ್ಷರ ಪಕ್ಷದವರ ಮಗಳು.

"ನಿನಗೇ ಹಾಕ್ಕೋಬಹುದಿತ್ತಲ್ಲ ಪುಟ್ಟಿ," ಅಂದೆ.

"ಬಟ್ ಶೀ ಈಸ್ ಬೆಟರ್, ಆಂಟಿ," ಅಂದಳು. "ಅವಳು ಎಲ್ಲರ ಹತ್ರ ಮಾತಾಡ್ತಾಳೆ."

ಒಂಬತ್ತು ವರ್ಷದಲ್ಲಿ ನಾನು ಎಣಿಸಿದ ಓಟುಗಳಲ್ಲಿ, ಹಾಕಿದವರಿಗೆ ಏನೂ ಸಿಗದಿದ್ದ ಓಟು ಅದೊಂದೇ. ಗೆದ್ದವಳು ಎಲ್ಲೋ ಈಜುತ್ತಿದ್ದಳು. ಮಾನಿಟರ್ ಬರುವ ತನಕ ಹಾಜರಿ ನಾನೇ ಕೂಗುತ್ತೇನೆ, ನೀವು ಬರೆದುಕೊಳ್ಳಿ ಎಂದು ಅವಳು ಬೋರ್ಡಿನ ಮುಂದೆ ಹೋಗಿ ನಿಂತಳು. ಹನ್ನೊಂದು ಹೆಸರನ್ನೂ ಬಾಯಿಪಾಠವಾಗಿ ಕೂಗಿದಳು. ಒಂದೊಂದು ಹೆಸರಿಗೂ ಬಾಗಿಲ ಕಡೆ ನೋಡಿ, ಸ್ವಲ್ಪ ಕಾದು, ತಾನೇ "ಬಂದಿಲ್ಲ" ಅಂದಳು. ತನ್ನ ಹೆಸರಿಗೆ "ಬಂದಿದೀನಿ" ಅಂದಳು. ಗೆಳತಿಯ ಹೆಸರು ಬಂದಾಗ ಸ್ವಲ್ಪ ಜಾಸ್ತಿ ಹೊತ್ತೇ ಕಾದಳು. ನಾನು ಪುಸ್ತಕದಲ್ಲಿ ಗೈರುಹಾಜರಿ ಹಾಕಲು ಹೋದೆ.

"ಅವಳಿಗೆ ಲೇಟ್ ಅಂತ ಬರೀರಿ, ಆಂಟಿ," ಅಂದಳು.

ಬರೆದೆ.