ದೊಡ್ಡಿಯಲ್ಲೇ ಬಾಣಂತಿಯಾದ ಎಮ್ಮೆಯವರಿಗೆ

ಮಾನ್ಯ ಎಮ್ಮೆಯವರೇ,

ಇಂದು ದಿನಾಂಕ ೧೮ ನವೆಂಬರ್ ೨೦೨೪, ಸೋಮವಾರ. ತಾವು ಇನ್ನು ಮುಂದೆ ನಮ್ಮ ಹಿಪ್ಪುನೇರಳೆ ಸೊಪ್ಪನ್ನು ತಿನ್ನಬಾರದೆಂದು ಕೋರುವುದೊಂದೇ ಈ ಬಹಿರಂಗ ಪತ್ರದ ಉದ್ದೇಶ. ತಮಗೂ, ನಿನ್ನೆ ನಮ್ಮೂರ ಪಂಚಾಯಿತಿಯ ದೊಡ್ಡಿಯಲ್ಲಿ ಕಣ್ಣುಬಿಟ್ಟ ಚಿರಂಜೀವಿ ಕರುವಿಗೂ ಯಳಂದೂರು ತಾಲ್ಲೂಕಿನ ಸಮಸ್ತ ಬೇಲಿಗಳ ಪರವಾಗಿ ಆದರದ ವಂದನೆಗಳು.

ನಾನು ಅರ್ಥಶಾಸ್ತ್ರದ ಎಂ.ಎ.ಯಲ್ಲಿ ಇಡೀ ತರಗತಿಗೆ ಮೊದಲಿಗಳು. ಅಪರಾಧ ಮತ್ತು ಶಿಕ್ಷೆಯ ಪತ್ರಿಕೆಯಲ್ಲಿ ನನಗೆ ಬಂದ ಅಂಕಗಳನ್ನು ಹೇಳಿ ಬಾಣಂತಿಯಾದ ತಮ್ಮ ಮನಸ್ಸಿಗೆ ನೋವುಂಟುಮಾಡಲಾರೆ. ತಪ್ಪಿನಿಂದ ಸಿಗುವ ಲಾಭಕ್ಕಿಂತ ಶಿಕ್ಷೆಯ ನಷ್ಟ ದೊಡ್ಡದಾದರೆ ಯಾರೂ ತಪ್ಪು ಮಾಡುವುದಿಲ್ಲವೆಂದು ಆ ಶಾಸ್ತ್ರ ಹೇಳುತ್ತದೆ. ತಾವೋ ದಿನವೂ ನಮ್ಮ ತೋಟಕ್ಕೆ ನುಗ್ಗುತ್ತಿದ್ದಿರಿ. ತಮ್ಮನ್ನು ಹಿಡಿದು ದೊಡ್ಡಿಗೆ ಕೂಡುತ್ತಿದ್ದರು. ಸಂಜೆ ತಮ್ಮ ಯಜಮಾನರಾದ ರುದ್ರಸ್ವಾಮಿಯವರು ನಗುನಗುತ್ತಾ ದಂಡ ಕಟ್ಟಿ ಬಿಡಿಸಿಕೊಂಡು ಹೋಗುತ್ತಿದ್ದರು. ಆ ದಂಡ ಒಂದು ಹೊರೆ ಹುಲ್ಲಿಗಿಂತ ಅಗ್ಗವೆಂಬುದನ್ನು ಗ್ರಾಮಸಭೆಯಲ್ಲಿ ರೇಖಾಚಿತ್ರ ಸಮೇತ ವಿವರಿಸಿ, ಅದನ್ನು ಹತ್ತುಪಟ್ಟು ಏರಿಸಿದವಳು ನಾನೇ. ಚಪ್ಪಾಳೆಯೂ ಬಿತ್ತು.

ಅಂದಿನಿಂದ ರುದ್ರಸ್ವಾಮಿಯವರು ತಮ್ಮನ್ನು ಬಿಡಿಸಿಕೊಳ್ಳಲು ಬರಲೇ ಇಲ್ಲ. ಕೇಳಲು ಹೋದ ಸದಸ್ಯರಿಗೆ ಅವರು, "ಇರ್ಲಿ ಬುಡಿ ಸಾ, ಚೊಚ್ಚಲ ಎರ್ಗೆ, ತವರ್ಮನೆಗ್ ಓಗವ್ಳೆ ಅಂದ್ಕತೀನಿ" ಎಂದರಂತೆ. ಸೆರೆಯಲ್ಲಿರುವವರಿಗೆ ಊಟ ಹಾಕಬೇಕಾದ್ದು ಸೆರೆಯಿಟ್ಟವರ ಕರ್ತವ್ಯವಷ್ಟೆ. ದೊಡ್ಡಿಗೆ ತೀರ ಹತ್ತಿರದ ಹಸಿರೆಂದರೆ ನಮ್ಮ ತೋಟವೇ ಆದ್ದರಿಂದ, ದೊಡ್ಡಿ ಕಾಯುವ ಪುಟ್ಟಸಿದ್ದಯ್ಯನವರು ನಮ್ಮ ಬಾಗಿಲಿಗೆ ಬಂದು, "ತುಂಬಿದ್ ಬಸ್ರಿ ಕಣವ್ವ, ಒಂದೊರೆ ಸೊಪ್ಪಿಗೆ ಯಾಕಿಂಗಾಡೀಯೆ" ಎಂದರು. ಬಸುರಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಾಯಿ ಶಿವರತ್ನಮ್ಮನವರು ಕುಡುಗೋಲು ಹುಡುಕತೊಡಗಿದರು. ಹೀಗೆ, ಮೊದಲು ತಾವು ಮೈ ಗೀರಿಸಿಕೊಂಡು ಕದಿಯಬೇಕಾಗಿದ್ದ ಅದೇ ಸೊಪ್ಪನ್ನು ಈಗ ಕಾನೂನೇ ತಲೆಯ ಮೇಲೆ ಹೊತ್ತು ತಂದು ತಮ್ಮ ಮುಂದೆ ಸುರಿಯುತ್ತಿದೆ. ಪುಸ್ತಕವನ್ನು ಮೂಸಿಯೂ ನೋಡದೆ ನನ್ನ ಸಿದ್ಧಾಂತವನ್ನು ಮೆಲುಕು ಹಾಕುತ್ತಾ ಸೋಲಿಸಿದ ತಮ್ಮ ಪ್ರತಿಭೆಗೆ ನನ್ನ ಚಿನ್ನದ ಪದಕವನ್ನು ಕೊರಳಿಗೆ ಕಟ್ಟಬೇಕೆಂದಿದ್ದೆ; ದಾರ ಸಾಲಲಿಲ್ಲ.

ಇತ್ತ ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಕಳಚಿ, ಗೂಡು ಕಟ್ಟುವ ಮುಂಚಿನ ಆ ಭಯಂಕರ ಹಸಿವಿನಲ್ಲಿ ತಲೆಯೆತ್ತಿ ಕುಳಿತಿವೆ. ಈ ವಾರ ಸೊಪ್ಪು ಸಾಲದಿದ್ದರೆ ಗೂಡು ಜಳ್ಳಾಗಿ, ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಅದನ್ನು ಮುಟ್ಟುವವರೂ ಇರುವುದಿಲ್ಲ. ಅವು ಯಾರ ಬೇಲಿಯೊಳಗೂ ನುಗ್ಗಿದವಲ್ಲ. ಬಹುಶಃ ಅದಕ್ಕೇ ಅವುಗಳಿಗೆ ಊಟವಿಲ್ಲ.

ಆದ್ದರಿಂದ ತಾವು ದಯಮಾಡಿ ದೊಡ್ಡಿಯ ಬಾಗಿಲನ್ನು ತಾವೇ ತೆರೆದುಕೊಂಡು ತಪ್ಪಿಸಿಕೊಳ್ಳಬೇಕೆಂದೂ, ಅದು ಘನತೆಗೆ ಕುಂದೆನಿಸಿದರೆ ನಮ್ಮ ಹುಳುಗಳನ್ನೂ ಯಾವುದಾದರೊಂದು ಅಪರಾಧದಲ್ಲಿ ಸೇರಿಸಿಕೊಂಡು ಸರ್ಕಾರಿ ಊಟಕ್ಕೆ ಅರ್ಹವಾಗಿಸಬೇಕೆಂದೂ, ಚಿರಂಜೀವಿಗೆ ಹುಲ್ಲೆಂಬ ಇನ್ನೊಂದು ಪದಾರ್ಥವೂ ಲೋಕದಲ್ಲಿದೆಯೆಂದು ತಿಳಿಸಬೇಕೆಂದೂ ವಿನಂತಿ.

ಸೊಪ್ಪಿನ ನಷ್ಟಕ್ಕಾಗಿ ರುದ್ರಸ್ವಾಮಿಯವರ ಮೇಲೆ ನನ್ನ ತಾಯಿಯವರು ಸಹಿ ಹಾಕಿ ಕೊಟ್ಟ ದೂರಿನ ವಿಚಾರಣೆ ನಾಳೆ ಬೆಳಿಗ್ಗೆ ಪಂಚಾಯಿತಿಯಲ್ಲಿ ನಡೆಯಲಿದೆ. ಆದರೆ ತಮಗೆ ಹೆರಿಗೆಯಾದ ದಿನವೇ ರುದ್ರಸ್ವಾಮಿಯವರು ದಂಡದ ಬದಲು ಚೊಂಬು ಹಿಡಿದು ದೊಡ್ಡಿಗೆ ಬಂದರು. ಕರೆದ ಮೊದಲ ಹಾಲಿನಲ್ಲಿ ಬೆಲ್ಲ, ಏಲಕ್ಕಿ ಹಾಕಿಸಿ ಗಿಣ್ಣು ಮಾಡಿಸಿ, ಪದ್ಧತಿಯಂತೆ ಮನೆಮನೆಗೂ ಹಂಚಿದರು. ತೀರ್ಪು ಕೊಡಬೇಕಾದ ಸದಸ್ಯರು ತಿಂದರು. ತಮ್ಮನ್ನು ಹಿಡಿದ ಪುಟ್ಟಸಿದ್ದಯ್ಯನವರು ಎರಡು ಸಲ ತಿಂದರು. ಸಹಿ ಹಾಕಿದ ನನ್ನ ತಾಯಿಯವರೂ ತಿಂದು, "ಅವ್ರ್ ಗಿಣ್ಣು ತಿಂದ್ಬುಟ್ಟು ಅವ್ರ್ ಮ್ಯಾಲೇ ದೂರು ಏಳಕ್ ಆದದಾ ಮಗ? ನೀನೂ ಒಂಚೂರು ಬಾಯಿಗಾಕ್ಕೊ, ಎಲ್ಲಾ ಮುಗ್ದೋಯ್ತದೆ" ಎನ್ನುತ್ತಿದ್ದಾರೆ.

ಬೇಲಿಯ ಈಚೆಯಿಂದ,
ತಮ್ಮ ವಿಶ್ವಾಸಿ,
ನಾಗಶ್ರೀ, ಎಂ.ಎ. (ಪ್ರಥಮ ಸ್ಥಾನ)

ಮರೆತ ಮಾತು: ನನ್ನ ಪಾಲಿನ ಗಿಣ್ಣನ್ನು ತಾಯಿಯವರು ಸ್ಟೀಲ್ ಬಟ್ಟಲಲ್ಲಿ ಹಾಕಿ, ಮೇಲೆ ತಟ್ಟೆ ಮುಚ್ಚಿ, ನಾನು ಈ ಪತ್ರ ಬರೆಯುತ್ತಿರುವ ಮೇಜಿನ ಮೇಲೆಯೇ ಇಟ್ಟಿದ್ದಾರೆ. ಏಲಕ್ಕಿಯ ಘಮ ಬರುತ್ತಿದೆ. ಊರಿನಲ್ಲಿ ತಿನ್ನದೆ ಉಳಿದಿರುವವಳು ನಾನೊಬ್ಬಳೇ ಎಂದು ತಮ್ಮ ಯಜಮಾನರು ಆಗಲೇ ಎರಡು ಸಲ ಬಂದು ವಿಚಾರಿಸಿಕೊಂಡು ಹೋದರು. ನಾನು ಗಿಣ್ಣು ತಿನ್ನುವುದಿಲ್ಲ.